ಮುರುವಿನ ಕರುಳು

ಮುರುವಿನ ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದವು, ಅವೂ ಅಲುಗಾಡುತ್ತಿದ್ದವು. ಉಣ್ಣೆಗೆ ಸಾಕುವ ಅಲ್ಪಾಕಾ ಹುಲ್ಲು ಕಚ್ಚಲಾರದಾದರೆ ಜೂನ್ ತಿಂಗಳ ಚಳಿಗಾಲದ ಹಿಮ ದಾಟುವುದಿಲ್ಲ ಎಂಬುದು ಪುಕಾರುಮಿಯ ಹಟ್ಟಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹಸಿವಿನಿಂದ ಬೆಟ್ಟದ ಮೇಲೆ ಬಿದ್ದು ಹದ್ದಿನ ಪಾಲಾಗುವುದಕ್ಕಿಂತ ಮನೆಯವರ ಕೈಯಲ್ಲೇ ಹೋಗುವುದು ವಾಸಿ ಎಂದು ನಿಕಾಸಿಯೊ ತೀರ್ಮಾನ ಮಾಡಿದ. ಅವನ ಹೆಂಡತಿ ಫೌಸ್ತಾ ಮೂರು ದಿನ ಅವನೊಡನೆ ಮಾತಾಡಲಿಲ್ಲ.

ನಾನಾಗ ಕಣಿವೆಯ ಕೆಳಗಿನ ಪಶುವೈದ್ಯ ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿದ್ದೆ. ಅಲ್ಪಾಕಾ ಕಾಯುವವರ ಮನೆಯಲ್ಲೇ ಹುಟ್ಟಿದವಳಾದ್ದರಿಂದ ಮೇಲಿನ ಹಟ್ಟಿಗಳಿಗೆ ಹೋಗುವ ಕೆಲಸವೆಲ್ಲ ನನ್ನ ತಲೆಗೇ ಬರುತ್ತಿತ್ತು. ನಮ್ಮ ಡಾಕ್ಟರ್ ದಾವಿಲಾ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಮಳೆಗಾಲದಲ್ಲಿ ಹುಟ್ಟುವ ಮರಿಗಳು ಎರಡು ಮೂರು ವಾರ ಕುಣಿದಾಡಿಕೊಂಡಿದ್ದು, ಒಂದು ಬೆಳಿಗ್ಗೆ ಹೊಟ್ಟೆ ಉಬ್ಬಿ, ಭೇದಿಯಾಗಿ, ಸಂಜೆಯೊಳಗೆ ಸಾಯುತ್ತಿದ್ದವು. ಅದೇ ದೊಡ್ಡಿಯ ಅದೇ ಕೆಸರಿನಲ್ಲಿ ಮಲಗುವ ದೊಡ್ಡ ಅಲ್ಪಾಕಾಗಳಿಗೆ ಏನೂ ಆಗುತ್ತಿರಲಿಲ್ಲ. ದೊಡ್ಡವುಗಳ ಕರುಳಿನಲ್ಲಿ ರೋಗ ತಡೆಯುವ ಕೋಶಗಳಿವೆ, ಮರಿಗಳಲ್ಲಿ ಅವು ಯಾವಾಗ ಬರುತ್ತವೆ, ಎಷ್ಟು ಬರುತ್ತವೆ ಎಂದು ಅವರು ನೋಡಬೇಕಿತ್ತು. ಹಾಗಾಗಿ ನರಿ ಕಚ್ಚಿಯೋ ಆಲಿಕಲ್ಲು ಬಡಿದೋ ಸತ್ತ ಬೇರೆ ಬೇರೆ ವಯಸ್ಸಿನ ಮರಿಗಳ ಕರುಳನ್ನು ಕೂಡಿಸುತ್ತ ಎರಡು ವರ್ಷ ನಾನು ಬೆಟ್ಟ ಹತ್ತಿ ಇಳಿದಿದ್ದೆ. ಅವುಗಳ ಜೊತೆ ಹೋಲಿಸಲು ಆರೋಗ್ಯವಾಗಿ ಬಾಳಿದ ಒಂದು ದೊಡ್ಡ ಜೀವ ಬೇಕಿತ್ತು.

ಮುರು ಹನ್ನೊಂದು ಸಲ ಈದಿತ್ತು. ಒಂದು ಮರಿಯೂ ಭೇದಿಗೆ ಹೋಗಿರಲಿಲ್ಲ. ಇದನ್ನು ಫೌಸ್ತಾ ತಾನೇ ಹೆತ್ತು ಸಾಕಿದಂತೆ ಹೇಳಿಕೊಳ್ಳುತ್ತಿದ್ದಳು.

ನಾನು ಮುರುವಿನ ಕರುಳು ಕೇಳಿದಾಗ ಅವಳು ನನ್ನ ಮುಖ ನೋಡಲಿಲ್ಲ. ನೂಲುತ್ತಿದ್ದ ಕದಿರನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

"ಮಾಂಸ ನಿಕಾಸಿಯೊಗೆ, ಚರ್ಮ ವ್ಯಾಪಾರಿಗೆ, ಕರುಳು ನಿಂಗೆ. ನಂಗೇನುಳೀತು?"

"ಒಂದು ಗೇಣು ಸಾಕು ಮಮಾಯ್, ಪೂರ್ತಿ ಬೇಡ," ಎಂದೆ. ನಮ್ಮ ಕಡೆ ಹಿರಿಯ ಹೆಂಗಸರನ್ನು ಮಮಾಯ್ ಎಂದೇ ಕರೆಯುವುದು.

"ಗೇಣು ತಗೊಂಡು ಏನ್ ಮಾಡ್ತೀಯ? ಸಾರು ಮಾಡ್ತೀಯ?"

"ನೋಡ್ತೀನಿ."

"ನೀನು ನೋಡೋದಾದ್ರೆ ನಾನೂ ನೋಡ್ಬೇಕು. ಹದಿನೈದು ವರ್ಷ ಅವಳ ಹೊಟ್ಟೆ ತಡವಿದವಳು ನಾನು. ಒಳಗೇನಿದೆ ಅಂತ ನಂಗೆ ತೋರಿಸ್ದೆ ಒಂದು ಬೆರಳಷ್ಟೂ ಕೊಡಲ್ಲ."

ಆಗಲಿ ಎಂದೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ಬಿಸಿಲು ಗೋಡೆಯಿಂದ ಇಳಿದ ಮೇಲೆ ಅವಳು ಮುರುವನ್ನು ದೊಡ್ಡಿಯಿಂದ ಹೊರಗೆ ತಂದಳು. ಬೀಳ್ಕೊಡುಗೆಗೆಂದು ಮೂರು ಒಳ್ಳೆಯ ಕೋಕಾ ಎಲೆ ಆರಿಸಿ ಅದರ ಬಾಯಲ್ಲಿಟ್ಟಳು. ಕತ್ತು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ತಾನೇ ಅದರ ಕಣ್ಣಿಗೆ ತನ್ನ ಶಾಲು ಮುಚ್ಚಿ, ನಿಕಾಸಿಯೊಗೆ ತಲೆಯಾಡಿಸಿ, ಹೊಳೆಯ ಕಡೆಗೆ ನಡೆದುಬಿಟ್ಟಳು. ಕರುಳು ಎಲ್ಲಕ್ಕಿಂತ ಮೊದಲು ಕೆಡುವ ಅಂಗ. ನಾನು ಹತ್ತು ನಿಮಿಷದೊಳಗೆ ನನ್ನ ಪಾಲಿನ ತುಂಡುಗಳನ್ನು ಫಾರ್ಮಾಲಿನ್ ತುಂಬಿದ ಬಾಟಲಿಗಳಿಗೆ ಹಾಕಿ ಮುಚ್ಚಳ ಬಿಗಿದೆ. ಕೈ ತೊಳೆಯಲು ಹೊಳೆಗೆ ಹೋದಾಗ ಫೌಸ್ತಾ ಕಲ್ಲಿನ ಮೇಲೆ ಕೂತು ಬರಿಗೈಯಲ್ಲಿ ನೀರು ಕಲಕುತ್ತಿದ್ದಳು.

ಕರುಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕುವಷ್ಟರಲ್ಲಿ ಎರಡು ವಾರ ಕಳೆಯಿತು. ಲಾರಿ ಚಾಲಕನೊಬ್ಬನ ಕೈಯಲ್ಲಿ ಹೇಳಿಕಳಿಸಿದೆ. ಮಾರನೆಯ ದಿನವೇ ಫೌಸ್ತಾ ಬಂದಳು. ಹಬ್ಬದ ಟೋಪಿ, ಹೊಸ ಲಂಗ, ಬೆನ್ನಿಗೆ ಕಟ್ಟಿದ ಗಂಟಿನಲ್ಲಿ ಹಿಮದಲ್ಲಿ ಒಣಗಿಸಿ ಬೇಯಿಸಿದ ಚುನ್ಯೊ ಆಲೂಗಡ್ಡೆ ಮತ್ತು ಒಂದು ಚೀಸಿನ ಉಂಡೆ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಬೇಡವೆಂದರೂ ಕೇಳಲಿಲ್ಲ.

ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಏನಿದೆ ಮಣ್ಣು? ಬರೀ ಕಪ್ಪು ಕೂದಲು."

"ಅದು ನಿಮ್ಮ ರೆಪ್ಪೆ ಮಮಾಯ್. ಸ್ವಲ್ಪ ಹಿಂದೆ ಬನ್ನಿ. ಹಾಂ, ಈಗ?"

ಮುರುವಿನ ಕರುಳಿನ ಒಳಗೋಡೆ ಗುಲಾಬಿ ಬಣ್ಣದಲ್ಲಿ ಬೆರಳು ಬೆರಳಾಗಿ ಎದ್ದು ನಿಂತಿತ್ತು. ಆ ಬೆರಳುಗಳ ಒಳಗೂ ಬುಡದಲ್ಲೂ ನೇರಳೆ ಚುಕ್ಕೆಗಳು ಒತ್ತೊತ್ತಾಗಿ ತುಂಬಿದ್ದವು.

"ಕಿನೋವಾ ಕಾಳು ಚೆಲ್ಲಿದ ಹಾಗಿದೆ," ಎಂದಳು ಮೆಲ್ಲಗೆ. "ಇವೆಲ್ಲ ಏನು?"

"ಕಾವಲಿನವರು ಅಂದ್ಕೊಳ್ಳಿ. ರೋಗ ಬಂದ್ರೆ ಹಿಡಿದು ಹೊಡೆಯೋ ಕೋಶಗಳು."

"ಇಷ್ಟೊಂದಾ? ಅವಳ ಹೊಟ್ಟೇಲಿ ಇಷ್ಟು ಜನ ಇದ್ರಾ?" ತಲೆ ಎತ್ತಿ ನನ್ನತ್ತ ನೋಡಿ ನಕ್ಕಳು. "ಅದಕ್ಕೇ ಮುದುಕಿಗೆ ಅಷ್ಟು ಜಂಬ!"

ನಾನು ಗಾಜು ಬದಲಿಸಿದೆ. ಅದು ಹುಟ್ಟಿದ ದಿನವೇ ನರಿಯ ಬಾಯಿಗೆ ಸಿಕ್ಕಿದ ಮರಿಯದು. ಅದೇ ಗುಲಾಬಿ ಬೆರಳುಗಳು, ಆದರೆ ನೇರಳೆ ಚುಕ್ಕೆ ಅಲ್ಲೊಂದು ಇಲ್ಲೊಂದು. ಫೌಸ್ತಾ ಗಾಜನ್ನು ಸರಿಸು ಎಂದು ಕೈಸನ್ನೆ ಮಾಡಿದಳು. ಸರಿಸಿದೆ. ಅಲ್ಲೂ ಖಾಲಿ.

"ಯಾರೂ ಇಲ್ವಲ್ಲೇ."

"ಇನ್ನೂ ಬಂದಿಲ್ಲ. ಅದು ಉಂಡು ಬೆಳೀತಾ ಬೆಳೀತಾ ಬರ್ತಾರೆ. ಇದು ನೋಡಿ, ಮೂರು ವಾರದ್ದು."

ಅದರಲ್ಲಿ ಬುಡದ ಬಳಿ ಸಣ್ಣ ಸಣ್ಣ ಗುಂಪುಗಳಿದ್ದವು.

"ಬರ್ತಾ ಇದ್ದಾರೆ," ಎಂದಳು. ನಂತರ, "ತುಂಬ ನಿಧಾನ," ಎಂದಳು. "ಅಲ್ಲೀವರೆಗೆ ಯಾರು ಕಾಯೋದು?"

"ತಾಯಿ ಹಾಲು. ಅದ್ರಲ್ಲೂ ಮೊದಲ ದಿನದ ಗಟ್ಟಿ ಹಳದಿ ಹಾಲು. ಅದು ಹೊಟ್ಟೆಗೆ ಬಿದ್ರೆ ಸ್ವಲ್ಪ ದಿನ ತಾಯಿ ಶಕ್ತಿಯೇ ಕಾಯುತ್ತೆ. ದೊಡ್ಡಿ ಒದ್ದೆ ಇದ್ರೆ, ಹೊಲಸಿದ್ರೆ ಅದೂ ಸಾಲಲ್ಲ."

ಅವಳು ಕಣ್ಣನ್ನು ಆ ಕೊಳವೆಗೆ ಒತ್ತಿಕೊಂಡೇ ಇದ್ದಳು. ಬೆರಳುಗಳು ಮಾತ್ರ ಮೇಜಿನ ಅಂಚಿನ ಮೇಲೆ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಏನೋ ಎಣಿಸುತ್ತಿದ್ದಾಳೆ ಎನಿಸಿತು.

"ಮನುಷ್ಯರ ಕೂಸಿಗೂ ಹೀಗೇನಾ?"

ನಾನು ಮನುಷ್ಯರ ಡಾಕ್ಟರಲ್ಲ, ಪ್ರಾಣಿಗಳ ಡಾಕ್ಟರೂ ಅಲ್ಲ. ಆದರೂ ಗೊತ್ತಿದ್ದಷ್ಟನ್ನು ಹೇಳಿದೆ. "ಹೆಚ್ಚುಕಮ್ಮಿ ಹೀಗೇ ಅಂತಾರೆ. ಹುಟ್ಟಿದಾಗ ಕಾವಲು ಕಮ್ಮಿ ಇರುತ್ತೆ."

"ನನ್ನ ಮೊದಲನೇ ಹುಡುಗ ಹತ್ತೊಂಬತ್ತು ದಿನ ಇದ್ದ. ಎರಡನೇದು ಹೆಣ್ಣು. ಮೂವತ್ತಾರು ದಿನ." ಅವಳ ದನಿ ಎಂದಿನಂತೆಯೇ ಇತ್ತು. "ಇಬ್ಬರಿಗೂ ಭೇದಿ. ನನ್ನ ಅತ್ತೆ ಅಂದ್ರು, ನಿನ್ನ ಹಾಲು ತಣ್ಣಗಿದೆ, ನಿನ್ನ ಹಾಲೇ ಕೊಂದದ್ದು ಅಂತ. ನಲವತ್ತು ವರ್ಷ ಆಯ್ತು. ಜಗಳ ಬಂದಾಗೆಲ್ಲ ಅದೇ ಮಾತು."

"ಹಾಲು ತಣ್ಣಗಿರಲ್ಲ ಮಮಾಯ್. ಯಾರದ್ದೂ ಇರಲ್ಲ."

"ತಡಿ. ಮೊದಲನೇ ಹುಡುಗನಿಗೆ ಹಳದಿ ಹಾಲು ಕೊಡೋಕೆ ಬಿಡ್ಲಿಲ್ಲ. ಕೀವು ಅದು, ಹಿಂಡಿ ಚೆಲ್ಲು ಅಂದ್ರು. ಚೆಲ್ದೆ. ಹುಡುಗಿಗೆ ಮಾತ್ರ ಕದ್ದು ಕುಡಿಸ್ದೆ, ಕಂಬಳಿ ಮುಚ್ಚಿಕೊಂಡು. ಅದೂ ಹೋಯ್ತು. ಕದ್ದದ್ದಕ್ಕೇ ಹೋಯ್ತು ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ, ಯಾರಿಗೂ ಹೇಳಿರ್ಲಿಲ್ಲ." ಅವಳು ಈಗ ನನ್ನತ್ತ ತಿರುಗಿದಳು. "ಗಾವಿನಾ, ಹದಿನೇಳು ದಿನ ಜಾಸ್ತಿ ಇತ್ತಲ್ಲ ಅದು. ಆ ಹಾಲಿನಿಂದಲೇ ಇತ್ತಾ?"

ಎರಡು ವರ್ಷ ಕೋಶ ಎಣಿಸಿದವಳು ನಾನು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದೆಂದು ಡಾಕ್ಟರ್ ದಾವಿಲಾ ನಮ್ಮ ತಲೆಗೆ ತುಂಬಿದ್ದರು.

"ಇರಬಹುದು," ಎಂದೆ. "ಖಂಡಿತ ಹೇಳೋಕೆ ಬರಲ್ಲ. ಆದ್ರೆ ನೀವು ಕುಡಿಸಿದ್ದು ಒಳ್ಳೇದೇ. ಕೆಟ್ಟದ್ದು ಏನೂ ಮಾಡ್ಲಿಲ್ಲ ನೀವು."

ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಳಲಿಲ್ಲ. ಟೋಪಿಯ ಅಂಚನ್ನು ಸುತ್ತಲೂ ಒಮ್ಮೆ ಬೆರಳಿನಿಂದ ತಡವಿ, "ಚುನ್ಯೊ ಆರಿಹೋಗುತ್ತೆ, ತಿನ್ನು," ಎಂದಳು.

ಮಧ್ಯಾಹ್ನ ಕೇಂದ್ರದ ಜೀಪಿನಲ್ಲಿ ಅವಳನ್ನು ನಾನೇ ಹಟ್ಟಿಗೆ ಬಿಟ್ಟುಬರಲು ಹೊರಟೆ. ದಾರಿಯುದ್ದಕ್ಕೂ ಅವಳು ಹುಲ್ಲುಗಾವಲಿನತ್ತ ನೋಡುತ್ತಿದ್ದಳು. ಮನೆಯ ಮುಂದೆ ಬಿಸಿಲಿನಲ್ಲಿ ಕುರಿಚರ್ಮದ ಮೇಲೆ ಅವಳ ಅತ್ತೆ ಸಿಪ್ರಿಯಾನಾ ಕೂತಿದ್ದಳು. ತೊಂಬತ್ತರ ಹತ್ತಿರದ ಮುದುಕಿ. ಕಣ್ಣು ಪೂರ್ತಿ ಹೋಗಿದ್ದರೂ ಕೈ ತಾನಾಗಿ ನೂಲುತ್ತಿತ್ತು.

"ಬಂದ್ಯಾ ಹುಡುಗಿ?" ಎಂದಳು ಅರವತ್ತು ದಾಟಿದ ಸೊಸೆಗೆ. "ಪಟ್ಟಣದ ಹೆಂಗಸಿನ ಹಾಗೆ ಜೀಪಿನಲ್ಲಿ! ಒಲೆ ಆರಿಹೋಗಿದೆ, ನನ್ನ ಸಾರು ಕಲ್ಲಾಗಿದೆ."

"ಬಿಸಿ ಮಾಡ್ತೀನಿ ಅತ್ತೆ."

"ಏನ್ ನೋಡ್ದೆ ಅಲ್ಲಿ? ಸತ್ತ ಅಲ್ಪಾಕಾ ಎದ್ದು ಬಂತಾ?"

ಫೌಸ್ತಾ ಒಳಗೆ ಹೋಗಲಿಲ್ಲ. ಗಂಟನ್ನು ಕೆಳಗಿಟ್ಟು ಮುದುಕಿಯ ಎದುರು ನೆಲದ ಮೇಲೆ ಕೂತಳು. ತಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಮುರುವಿನ ಹೊಟ್ಟೆಯ ಕಾವಲಿನವರು, ಮರಿಯ ಖಾಲಿ ಕರುಳು, ನಿಧಾನವಾಗಿ ಬರುವ ಗುಂಪುಗಳು, ಹಳದಿ ಹಾಲು. ನನಗಿಂತ ಚೆನ್ನಾಗಿ ಹೇಳಿದಳು. ಕೊನೆಗೆ, "ನನ್ನ ಹಾಲು ತಣ್ಣಗಿರಲಿಲ್ಲ ಅತ್ತೆ. ಹುಡುಗಿಗೆ ನಾನು ಕದ್ದು ಕುಡಿಸಿದ್ದೆ. ಅದಕ್ಕೇ ಅವಳು ಮೂವತ್ತಾರು ದಿನ ಇದ್ಲು," ಎಂದಳು.

ಮುದುಕಿಯ ಕೈಯಲ್ಲಿ ಕದಿರು ನಿಂತಿತು. ಈಗ ಬೈಗುಳ ಸುರಿಯುತ್ತದೆಂದು ನಾನು ಜೀಪಿನ ಬಾಗಿಲಿಗೆ ಕೈ ಹಾಕಿದೆ.

"ಕದ್ದು ಕುಡಿಸ್ದ್ಯಾ?" ಎಂದಳು ಸಿಪ್ರಿಯಾನಾ. "ನಂಗೆ ಆ ಧೈರ್ಯ ಬರ್ಲಿಲ್ಲ."

ಅವಳು ನೂಲನ್ನು ಕದಿರಿಗೆ ಸುತ್ತಿ ಪಕ್ಕಕ್ಕಿಟ್ಟಳು.

"ನನ್ನವು ನಾಲ್ಕು ಹೋದವು. ನಿಕಾಸಿಯೊ ಐದನೆಯವನು. ನಾಲ್ಕಕ್ಕೂ ಚೆಲ್ದೆ. ನಿನ್ನ ಹಾಲು ತಣ್ಣಗೆ ಅಂತ ನನ್ನ ಅತ್ತೆ ಸಾಯೋ ದಿನದವರೆಗೂ ಅಂದ್ಳು. ನಂಗೆ ಬೇರೆ ಮಾತು ಯಾರು ಕಲಿಸಿದ್ರು? ಅದನ್ನೇ ತಂದು ನಿಂಗೆ ಅಂದೆ." ಅವಳ ಬೆರಳುಗಳು ಕುರಿಚರ್ಮದ ಉಣ್ಣೆ ಕೀಳುತ್ತಿದ್ದವು. "ನಿನ್ನವನು ಹೋದಾಗ ನಂಗೆ ಒಳಗೊಳಗೇ ಸಮಾಧಾನ ಆಯ್ತು, ಫೌಸ್ತಾ. ನಾನೊಬ್ಳೇ ಅಲ್ಲ ಅಂತ. ಅಂಥವಳು ನಾನು."

ಮುದುಕಿ ಸೊಸೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಮಾತು ಫೌಸ್ತಾಳಿಗೆ ಎಲ್ಲಿ ತಾಗಿತೋ. ಎದ್ದು ನಿಂತು ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿಸಿತು. ಸಾರಿನ ಬಟ್ಟಲು ಹಿಡಿದು ಹೊರಗೆ ಬಂದು, ಮುದುಕಿಯ ಪಕ್ಕ ಅದೇ ಕುರಿಚರ್ಮದ ಮೇಲೆ ಒತ್ತಿ ಕೂತಳು. ಒಂದು ಚಮಚ ಊದಿ ಆರಿಸಿ ಬಾಯಿಗಿಟ್ಟಳು.

"ಅವರ ಹೆಸರೇನು?" ಎಂದು ಕೇಳಿದಳು. "ನಾಲ್ಕು ಜನರದ್ದು."

"ಇಬ್ಬರಿಗೇ ಇಟ್ಟಿದ್ದು. ಇನ್ನಿಬ್ಬರಿಗೆ ಇಡೋಕೆ ಮೊದಲೇ..."

"ಈಗ ಇಡೋಣ," ಎಂದಳು ಫೌಸ್ತಾ. "ಬಾಯಿ ತೆಗೀರಿ, ಚೆಲ್ತಾ ಇದೆ."

ಆ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ನಾನು ಹೋದಾಗ ಅವರ ಮನೆಯ ಮೇಜಿನ ಮೇಲೆ ಕೂಸಿನ ಆಕಾರದ ಆರು ರೊಟ್ಟಿಗಳಿದ್ದವು, ಹಿಟ್ಟಿನದೇ ಬಟ್ಟೆ ಸುತ್ತಿ, ಬಣ್ಣದ ಮುಖ ಅಂಟಿಸಿದ್ದವು. ಮುದುಕಿ ಒಂದೊಂದನ್ನೂ ಮುಟ್ಟಿ ಮುಟ್ಟಿ ಯಾವುದು ಯಾರದೆಂದು ಫೌಸ್ತಾಳನ್ನು ಕೇಳುತ್ತಿದ್ದಳು. ಸೊಸೆ ಹೆಸರು ತಪ್ಪಿ ಹೇಳಿದರೆ ಬೈಯುತ್ತಿದ್ದಳು. ನಿಕಾಸಿಯೊ ಮೂಲೆಯಲ್ಲಿ ಟೋಪಿ ಕಳಚಿ ನಿಂತಿದ್ದ. ತನಗೆ ಆರು ಜನ ಇದ್ದರೆಂದು ಅವನಿಗೆ ಹಾಗೆ ಯಾರೂ ಎಣಿಸಿ ತೋರಿಸಿರಲಿಲ್ಲ. ನಾಲ್ವರು ಅಣ್ಣ ಅಕ್ಕಂದಿರು, ಇಬ್ಬರು ಮಕ್ಕಳು.

ಮಳೆ ಹಿಡಿಯುವ ಮುನ್ನ ಫೌಸ್ತಾ ಹಳೆಯ ದೊಡ್ಡಿ ಬಿಟ್ಟು ಎತ್ತರದ ಒಣ ದಿಬ್ಬದ ಮೇಲೆ ಹೊಸದಕ್ಕೆ ಕಲ್ಲು ಜೋಡಿಸಿದಳು. ಹತ್ತು ದಿನಕ್ಕೊಮ್ಮೆ ಮಂದೆ ಮಲಗುವ ಜಾಗ ಬದಲಿಸಿದಳು. ಗಂಡ ಹುಚ್ಚು ಎಂದ. "ಹುಚ್ಚೇ, ಕಲ್ಲು ಹೊರು," ಎಂದಳು. ಪ್ರತಿ ಮರಿಯೂ ಎದ್ದು ನಿಂತು ತಾಯಿಯ ಕೆಚ್ಚಲು ಹಿಡಿಯುವವರೆಗೆ ಅವಳು ಕದಲುತ್ತಿರಲಿಲ್ಲ. ಎದ್ದೇಳಲಾಗದವಕ್ಕೆ ತಾನೇ ಹಾಲು ಕರೆದು ಬೆರಳಿನಿಂದ ಚೀಪಿಸುತ್ತಿದ್ದಳು.

ಜನವರಿಯಲ್ಲಿ ನಾನು ಒಂದು ವಾರ ಅವರಲ್ಲೇ ಉಳಿದಿದ್ದೆ. ನಮ್ಮ ಅಲ್ಪಾಕಾಗಳು ಬೆಳಿಗ್ಗೆಯ ಹೊತ್ತು ಈಯುತ್ತವೆ. ಒಂದು ದಿನ ಬಿಸಿಲೇರುವಾಗ ಮೂರು ತಾಯಿಗಳ ಮೂರು ಮರಿ ಒಟ್ಟಿಗೆ ಹುಟ್ಟಿದವು. ಮೂರನೆಯದು ಕಂದು ಬಣ್ಣದ್ದು, ಕಾಲು ನೆಟ್ಟಗಾಗದೆ ಮತ್ತೆ ಮತ್ತೆ ಮಂಡಿಯೂರುತ್ತಿತ್ತು. ಫೌಸ್ತಾ ಅದನ್ನು ಶಾಲಿನಿಂದ ಒರೆಸಿ, ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದಿದ್ದಳು. ಕೆಳಗೆ ಮನೆಯ ಬಾಗಿಲಿಂದ ಸಿಪ್ರಿಯಾನಾಳ ಕೀರಲು ದನಿ ಬಂತು.

"ಏ ಫೌಸ್ತಾ! ಮೂರನೇದು ಕುಡೀತಾ?"

"ಇನ್ನೂ ಇಲ್ಲ ಅತ್ತೆ!"

"ಮತ್ತೇನ್ ಹರಟೆ ಹೊಡೀತಾ ಇದ್ದೀರಿ ಇಬ್ಬರೂ? ಬಾಯಿಗಿಡು!"

ಫೌಸ್ತಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಮರಿಯ ಮೂತಿಯನ್ನು ಕೆಚ್ಚಲಿಗೆ ತಾಗಿಸಿದಳು. ಅದು ಎರಡು ಸಲ ತಪ್ಪಿಸಿಕೊಂಡಿತು, ಮೂರನೆಯ ಸಲ ಹಿಡಿಯಿತು. ಅದರ ಪುಟ್ಟ ಬಾಲ ಮೇಲೆದ್ದು ಅಲ್ಲಾಡತೊಡಗಿದ್ದನ್ನು ಕಂಡು ಅವಳು ಮೆಲ್ಲಗೆ ಕೈ ಬಿಟ್ಟಳು.

ಆ ವರ್ಷ ಹುಟ್ಟಿದ ನಲವತ್ತೊಂದು ಮರಿಗಳಲ್ಲಿ ಆರು ಸತ್ತವು. ಹಿಂದಿನ ವರ್ಷ ಹದಿನೇಳು ಹೋಗಿದ್ದವು. ಸತ್ತ ಆರನ್ನೂ ಫೌಸ್ತಾ ತಾನೇ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ಪ್ರತಿಯೊಂದಕ್ಕೂ ಎಷ್ಟು ದಿನವಾಗಿತ್ತೆಂದು ಅವಳ ಬಾಯಲ್ಲೇ ಇತ್ತು.