ಲೂರ್ದುಮೇರಿಯ ಬಿಳುಪು

ಮಂಡಿ ಮೊಹಲ್ಲಾದ ಅಂತೋಣಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಳು ತಿಂಗಳ ಬಸುರಿ ಸೊಸೆ ಲೂರ್ದುಮೇರಿ ದಿನದಿನಕ್ಕೆ ಬೆಳ್ಳಗಾಗುತ್ತಿದ್ದಳು. “ಬಸುರಿನ ಕಳೆ ಕಣ್ರೀ! ಮೊಮ್ಮಗು ದೊರೆಸಾನಿ ಹಂಗೆ ಹುಟ್ಟುತ್ತೆ,” ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಸೊಸೆ ಮಾತ್ರ ಒಂದು ಬಿಂದಿಗೆ ನೀರು ತಂದರೆ ಹೊಸ್ತಿಲ ಬಳಿ ಕುಳಿತು ಏದುಸಿರು ಬಿಡುತ್ತಿದ್ದಳು. ಸಾಲದ್ದಕ್ಕೆ ಕ್ರೈಸ್ತರ ಉಪವಾಸದ ದಿನಗಳು, ತಪಸ್ಸು ಕಾಲ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರವೇ ಕಣ್ಣು ಕತ್ತಲಿಟ್ಟು ಕುಸಿದಳು. ಪಕ್ಕದ ಮನೆಯ ಪುಟ್ಟತಾಯಮ್ಮ ಹೆರಿಗೆ ಆಸ್ಪತ್ರೆಯ ದಾದಿ. ಅವಳೇ ಒಳಗೆ ತಂದು ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು.

“ಅಂತೋಣಮ್ಮಾರೆ, ಕನ್ನಡಿ ತನ್ನಿ.”

“ಇಂಥ ಹೊತ್ತಲ್ಲಿ ಕನ್ನಡಿ ಯಾಕವ್ವ? ನೀರು ಚಿಮುಕಿಸು!”

“ತನ್ನೀಂದ್ರೆ. ನಿಮ್ಮ ರೆಪ್ಪೆ ಹಿಂಗೇ ಎಳ್ಕೊಂಡು ನೋಡಿ. ಯಾವ ಬಣ್ಣ?”

“ಕೆಂಪಗದೆ.”

“ಈಗ ಸೊಸೇದು ನೋಡಿ.”

ಅಂತೋಣಮ್ಮ ಬಗ್ಗಿ ನೋಡಿದಳು. ಒಗೆದ ಬಟ್ಟೆಯ ಹಾಗೆ ಬಿಳಿ. ಕನ್ನಡಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ರೆಪ್ಪೆಯನ್ನೂ ಎಳೆದು ನೋಡಿದಳು.

“ಇದು ಕಳೆ ಅಲ್ಲ, ರಕ್ತ ಕಡಿಮೆಯಾಗಿರೋದು. ಹೆರಿಗೇಲಿ ಯಾರಿಗಾದ್ರೂ ರಕ್ತ ಹೋಗುತ್ತೆ. ಇರೋದೇ ಇಷ್ಟಾದ್ರೆ ತಾಯಿಗೂ ಅಪಾಯ, ಮಗೂಗೂ ಅಪಾಯ. ಆದ್ರೆ ಹೊತ್ತು ಮೀರಿಲ್ಲ. ಇವತ್ತೇ ಡಾಕ್ಟರಮ್ಮನಿಗೆ ತೋರಿಸ್ಬುಡೋಣ. ಕಬ್ಬಿಣದ ಔಷಧಿ ಕೊಡ್ತಾರೆ.”

“ಕಬ್ಬಿಣವಾ! ಕೂಸು ಕಪ್ಪಗೆ ಹುಟ್ಬುಟ್ರೆ?”

“ನೀವು ದಿನಾ ಮಜ್ಜಿಗೆ ಕುಡೀತೀರಲ್ಲ, ಎಷ್ಟು ಬೆಳ್ಳಗಾಗಿದ್ದೀರಿ?”

ಮಲಗಿದ್ದ ಸೊಸೆಗೂ ನಗು ಬಂತು.

“ಔಷಧಿಗೆ ಮಲ ಕಪ್ಪಗಾಗುತ್ತೆ, ಅಷ್ಟೆ. ಹೆದರಿ ನಿಲ್ಲಿಸ್ಬೇಡಿ. ನುಗ್ಗೆಸೊಪ್ಪು, ಹುರುಳಿಕಾಳು, ಮಾಂಸ ಕೊಡಿ. ಊಟಕ್ಕೆ ನಿಂಬೆಹಣ್ಣು ಹಿಂಡಿ.”

“ತಪಸ್ಸು ಕಾಲದಲ್ಲಿ ಮಾಂಸವಾ? ನಾವೆಲ್ಲ ಒಪ್ಪೊತ್ತು ಕಣಮ್ಮ!”

“ಬಸುರೀರಿಗೆ ಉಪವಾಸ ಇಲ್ಲ. ನನ್ನ ಮಾತು ಬೇಡ, ನಿಮ್ಮ ಚರ್ಚಿನ ಸ್ವಾಮಿಗಳನ್ನೇ ಕೇಳಿ.”

ಅಂತೋಣಮ್ಮ ಸೊಸೆಯ ಕೈ ಹಿಡಿದಳು. ತಣ್ಣಗಿತ್ತು. ಬೆಳಗಿನ ಗಂಜಿಯನ್ನೂ ಬಿಡಿಸಿದವಳು ತಾನೇ ಎಂದು ನೆನಪಾಯಿತು.

“ಸ್ವಾಮಿಗಳನ್ನ ಆಮೇಲೆ ಕೇಳ್ತೀನಿ. ಮೊದ್ಲು ಜಟಕಾ ಕರಿ,” ಎಂದಳು.

ಅಂದಿನಿಂದ ಹೊತ್ತುಹೊತ್ತಿಗೆ ಔಷಧಿ ಕುಡಿಸುವುದು ಅತ್ತೆಯದೇ ಕೆಲಸವಾಯಿತು. ಬರಬರುತ್ತ ಏದುಸಿರು ನಿಂತಿತು. ದಿನ ತುಂಬಿದ ಮೇಲೆ ಆಸ್ಪತ್ರೆಯಲ್ಲೇ ಹೆರಿಗೆಯಾಗಿ, ತಾಯಿ ಮಗಳಿಬ್ಬರೂ ಸುಖವಾಗಿ ಮನೆಗೆ ಬಂದರು.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ಬೆಳಕಿನಲ್ಲಿ ಕೂರಿಸಿ ಅವಳ ಕೆಳರೆಪ್ಪೆ ನೋಡಿ. ಬಿಳಿಚಿಕೊಂಡಿದ್ದರೆ, ನಾಲ್ಕು ಹೆಜ್ಜೆಗೇ ಉಸಿರು ಕಟ್ಟಿದರೆ, ನಾಳೆ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಂಪಗಿದ್ದರೂ ಒಮ್ಮೆ ತೋರಿಸಿ. ಸುಸ್ತು ಎಂದು ಅವಳಾಗಿ ಬಾಯಿಬಿಟ್ಟು ಹೇಳಲಾರಳು, ನೀವೇ ಕೇಳಿ.