ಶೀತಕೋಣೆಯ ಸ್ವೆಟರ್

"ಸ್ವೆಟರ್ ಬಿಟ್ಟೇ ಹೋಗಿದಾನಲ್ಲೇ ಇವನು!"

ಅತ್ತೆ ಕಿಟಕಿಯ ಬಿಸಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ತೊಳೆದಿಟ್ಟ ಲೋಟಗಳು ಅಡುಗೆಕಟ್ಟೆಯ ತುಂಬ ಬೋರಲು ಬಿದ್ದಿದ್ದವು.

ತನ್ನ ಗಂಡ ರಸ್ತೆ ಅಪಘಾತದಲ್ಲಿ ತೀರಿಹೋದದ್ದನ್ನು ಸೊಸೆ ಅತ್ತೆಗೆ ಎರಡು ಸಲ ಹೇಳಿದ್ದಳು. ಎರಡು ಸಲವೂ ಅವರು ಆಗಷ್ಟೇ ಕೇಳಿದಂತೆ ಎದೆ ಬಡಿದುಕೊಂಡು ಅತ್ತು, ಸ್ವಲ್ಪ ಹೊತ್ತಿಗೆಲ್ಲ ಮರೆತು, ಮಗನ ದಾರಿ ಕಾಯತೊಡಗಿದ್ದರು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

ಗಂಡ ಹೆಂಡತಿ ಇಬ್ಬರದೂ ಒಂದೇ ಲ್ಯಾಬ್. ಅತ್ತೆಗಿರುವ ಮರೆವಿನ ಕಾಯಿಲೆಯಿಂದಲೇ ಸತ್ತವರ, ದಾನವಾಗಿ ಬಂದ ಮೆದುಳಿನ ಚೂರುಗಳನ್ನು ಅವನು ಶೀತಕೋಣೆಯಲ್ಲಿ ಸಿದ್ಧಪಡಿಸುತ್ತಿದ್ದ. ಅವುಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತೆಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು.

"ಜೀನೆಲ್ಲಾ ಇದ್ದಲ್ಲೇ ಇರ್ತವಮ್ಮ. ಕೆಲವು ಬಾಯಿ ಮುಚ್ಕೊಂಡ್ಬಿಡ್ತವೆ, ಕೆಲವು ಸುಮ್ಸುಮ್ನೆ ಕೂಗಾಡ್ತವೆ," ಎಂದು ಅವನೊಮ್ಮೆ ತಾಯಿಗೆ ವಿವರಿಸಿದ್ದ.

"ನಿಮ್ಮಪ್ಪನೂ ನಾನೂ ಇದ್ದಂಗೆ ಅನ್ನು," ಎಂದಿದ್ದರು ಅತ್ತೆ. ಮೂವರೂ ಬಿದ್ದು ಬಿದ್ದು ನಕ್ಕಿದ್ದರು.

ಸ್ವೆಟರ್ ಅವನದಲ್ಲ, ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎನ್ನುವ ಹಿರಿಯ ಸಹೋದ್ಯೋಗಿಯದು. ಶೀತಕೋಣೆಯ ಚಳಿಗೆಂದು ಕೇಳಿ ಪಡೆದವನು, ಅದರ ಗುಂಡಿ ಕಿತ್ತುಹೋದಾಗ, "ನಮ್ಮಮ್ಮ ಹಾಕ್ಕೊಡ್ತಾಳೆ ಬಿಡಿ," ಎಂದು ಮನೆಗೆ ತಂದಿದ್ದ.

"ತಗೊಂಡ್ಹೋಗಿ ಕೊಡೇ ಅವನಿಗೆ. ಆ ಕೋಣೇಲಿ ಮರಗಟ್ಟಿ ಹೋಗ್ತಾನೆ." ಅತ್ತೆ ಹಲ್ಲಿನಿಂದ ದಾರ ಕಡಿದರು.

ಮತ್ತೆ ಹೇಳಬೇಕೆಂದು ಬಾಯಿ ತೆರೆದಳು. ಅತ್ತೆಯ ಮುಖದಲ್ಲಿ ಮಗನ ಮೇಲಿನ ಹುಸಿಮುನಿಸು ಬಿಟ್ಟರೆ ಬೇರೇನೂ ಇರಲಿಲ್ಲ.

"ಕೊಡ್ತೀನಿ ಅತ್ತೆ," ಎಂದಳು.

ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಬಂದ ಮೇಲೆ ಲ್ಯಾಬಿಗೆ ಹೊರಟಳು.

"ಇದಕ್ಕೇನು ಅವಸರ ಇತ್ತಮ್ಮ?" ಎಂದು ಸ್ವೆಟರ್ ಕೈಗೆತ್ತಿಕೊಂಡ ಅಕ್ಕ, ಗುಂಡಿಯ ಮೇಲೆ ಬೆರಳು ತಾಗಿದ್ದೇ ಅದನ್ನು ಬೆಳಕಿಗೆ ಹಿಡಿದರು. ಹೊಲಿದದ್ದು ಮರೆತು ಮತ್ತೆ ಹೊಲಿದು, ಕರಿ ದಾರದ ಮೇಲೆ ಬಿಳಿ, ಬಿಳಿಯ ಮೇಲೆ ಕೆಂಪು ಸುತ್ತಿಕೊಂಡು ಗುಂಡಿ ಗೋಲಿಯಷ್ಟು ದಪ್ಪವಾಗಿತ್ತು.

"ಅತ್ತೆ ಹಾಕಿದ್ದು. ಬಿಚ್ಚಿ ಬೇರೆ ಹಾಕ್ಕೊಡ್ಲಾ ಅಕ್ಕ?"

"ಬೇಡ. ಇರ್ಲಿ ಬಿಡು."

ಅಕ್ಕ ಅಲ್ಲೇ ಸ್ವೆಟರ್ ತೊಟ್ಟರು. ಉಳಿದ ಗುಂಡಿಗಳನ್ನೆಲ್ಲ ಹಾಕಿಕೊಂಡು, ಅದೊಂದನ್ನು ತೂರಿಸಲು ನೋಡಿದರು. ಹೋಗಲಿಲ್ಲ. ಎದೆಯ ಬಳಿ ತೆರೆದುಕೊಂಡ ಅಂಚುಗಳನ್ನು ಒಂದು ಕೈಯಲ್ಲಿ ಸೇರಿಸಿ ಹಿಡಿದು, ಇನ್ನೊಂದು ಕೈಯಿಂದ ಶೀತಕೋಣೆಯ ಬಾಗಿಲು ತಳ್ಳಿದರು.