ಬಾಲವಿಲ್ಲದ ಒಡಪು

ಹುಲುಗಮ್ಮತ್ತೆ ಮಾತಾಡುತ್ತಿದ್ದಷ್ಟು ದಿನ ನನಗೆ ಮಾತಿನ ಅಗತ್ಯವೇ ಬಿದ್ದಿರಲಿಲ್ಲ. ತರಕಾರಿಯವನ ಜೊತೆ ಚೌಕಾಸಿ ಅವಳದು, ಆಟೋದವನ ಜೊತೆ ಜಗಳ ಅವಳದು, ಬಂದವರ ಜೊತೆ ನಗೆಚಾಟಿಕೆ ಅವಳದು. ನಾನು ಅವಳ ಸೆರಗಿನ ಹಿಂದೆ ನಿಂತು ನೋಡುತ್ತಿದ್ದರೆ ಸಾಕಿತ್ತು. ಶಾಲೆ ಬಿಟ್ಟ ಮೇಲೂ ಹಾಗೆಯೇ ನಡೆಯಿತು. ಹೋದ ವರ್ಷ ಅವಳ ಗಂಡ ಎರ್ರಣ್ಣ ಮಾವ ತೀರಿಕೊಂಡ. ಅಂದಿನಿಂದ ಅತ್ತೆಯ ಬಾಯಲ್ಲಿ ಉಳಿದದ್ದು ‘ಹ್ಞೂಂ’ ಮತ್ತು ‘ಊಂಹ್ಞೂಂ’. ತರಕಾರಿಯವನು ನನಗೆ ಕೊಳೆತ ಟೊಮೆಟೊ ಕೊಡತೊಡಗಿದ.

ಅವ್ವ ಇಲ್ಲದ ನನ್ನನ್ನೂ ಅಕ್ಕ ನಂದಿನಿಯನ್ನೂ ಸಾಕಿದವಳು ಈ ಅತ್ತೆ. ಈಗ ಕುರುಗೋಡಿನ ಗಂಡನ ಮನೆಯಲ್ಲಿ ಬಸುರಿ ಅಕ್ಕನ ಕುಬುಸ, ಅಂದರೆ ಸೀಮಂತ, ಇಟ್ಟಿದ್ದರು. ಅಕ್ಕ ಫೋನಿನಲ್ಲಿ ಹಟ ಹಿಡಿದಳು: “ಅತ್ತಿ ಬರ್ಲಿಲ್ಲಂದ್ರ ನಾ ಹಸಿರು ಸೀರಿ ಉಡಂಗಿಲ್ಲ, ಹೇಳಿಬಿಡು.”

ಹೇಳಿದೆ. ಅತ್ತೆ ‘ಊಂಹ್ಞೂಂ’ ಅಂದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾವು ಜೀನ್ಸ್ ಹೊಲಿಯುವ ಶೆಡ್ಡಿನ ಮೇಲಿನ ಕೋಣೆಗೆ ಭಾನುವಾರ ಗಾಂಧಿನಗರದಿಂದ ಹೇಮಾ ಮೇಡಂ ಬರುತ್ತಾರೆ. ಮನಸ್ಸಿನ ಭಾರ ಇಳಿಸುವುದು ಅವರ ಕೆಲಸ. ಅತ್ತೆಯನ್ನು ಎಳೆದುಕೊಂಡು ಹೋದೆ.

“ಕಣ್ಣು ಮುಚ್ಚಿ, ನಿಮಗೆ ಎಲ್ಲಿ ನೋವಿದೆ ಅಂತ ಹೇಳಿ” ಅಂದರು ಮೇಡಂ.

“ಮೊಣಕಾಲಾಗ” ಅಂದಳು ನಮ್ಮ ಜೊತೆ ಹೊಲಿಯುವ ಸಾವಂತ್ರಮ್ಮ. ಉಳಿದವರಿಗೆಲ್ಲ ಬೆನ್ನು. ಒಬ್ಬಾಕೆ ಕಣ್ಣು ಮುಚ್ಚಿದವಳು ನಿದ್ದೆಗೇ ಹೋದಳು.

ಮೇಡಂ ದಾರಿ ಬದಲಿಸಿ, ನಿಮ್ಮ ಮನೆಯವರ ಪರಿಚಯ ಹೇಳಿ ಅಂದರು. ಗಂಡನ ಹೆಸರು ಬಂದ ಕೂಡಲೆ ಎಲ್ಲರೂ ನಾಚಿ ನನ್ನನ್ನು ತಿವಿದರು. ಗಂಡನ ಹೆಸರನ್ನು ಹೆಂಡತಿ ಬರೀ ಬಾಯಲ್ಲಿ ಹೇಳುವುದಿಲ್ಲವಲ್ಲ. ಮದುವೆಯಾಗದ ನಾನೇ ಒಂದೊಂದಾಗಿ ಹೇಳುತ್ತ ಹೋದೆ: ಜಂಬಣ್ಣ, ಉಚ್ಚೆಂಗೆಪ್ಪ, ಮಲ್ಲಯ್ಯ... ಮೇಡಂ ನನ್ನನ್ನೇ ಗಾಬರಿಯಿಂದ ನೋಡಿದರು.

“ಅವ್ರು ಆಕಿ ಗಂಡಂದಿರಲ್ರೀ ಮೇಡಂ!” ಸಾವಂತ್ರಮ್ಮ ಬಿದ್ದು ಬಿದ್ದು ನಕ್ಕಳು. “ನಾವು ಹೇಳಬೇಕಂದ್ರ ಒಡಪಿನಾಗ ಇಟ್ಟು ಹೇಳ್ತೀವಿ. ಕೇಳ್ರಿ:

ಕರೆಂಟ್ ಹೋದ್ರ ಕತ್ತಲಿ ಕೌಲ್ ಬಜಾರಿಗೆಲ್ಲಾ,
ಜಂಬಣ್ಣ ಮಲಗಿದ್ರ ಗೊರಕಿ ಕೇರಿಗೆಲ್ಲಾ!”

ಮಲಗಿದ್ದವಳೂ ಎದ್ದಳು. ಒಡಪಿನ ಮೇಲೆ ಒಡಪು ಬಿದ್ದವು. ಅತ್ತೆಯ ಸರದಿ ಬಂದಾಗ ಎಲ್ಲರ ಕಣ್ಣು ನೆಲಕ್ಕಿಳಿದವು. “ಆಕಿನ್ನ ಬಿಡ್ರಿ ಮೇಡಂ, ಗಂಡ ಇಲ್ಲ” ಎಂದು ಯಾರೋ ಪಿಸುಗುಟ್ಟಿದರು. ಅವಳೂರು ಸಿರುಗುಪ್ಪದ ಮದುವೆಗಳಲ್ಲಿ ಅತ್ತೆಯ ಒಡಪು ಕೇಳಲೆಂದೇ ಜನ ಊಟಕ್ಕೆ ತಡಮಾಡುತ್ತಿದ್ದರು. ಈಗ ಅವಳನ್ನು ಕೇಳುವವರೇ ಇಲ್ಲ.

ಮೇಡಂ ಸ್ವಲ್ಪ ಯೋಚಿಸಿದರು. “ಹಾಗಾದರೆ ಇವತ್ತು ಗಂಡನ ಹೆಸರು ಬೇಡ. ನಿಮ್ಮ ನಿಮ್ಮ ಹೆಸರಿಗೇ ಒಡಪು ಕಟ್ಟಿ. ಶಶಿರೇಖಾ, ನೀನೇ ಶುರು ಮಾಡು.”

“ಜೀನ್ಸಿಗೆ ಜಿಪ್ಪು ಬೇಕು, ಜಿಪ್ಪಿಗೆ ದಾರ ಬೇಕು...” ಅಂದೆ. ಮುಂದೇನೂ ಹೊಳೆಯಲಿಲ್ಲ. “ನಾನು ಶಶಿರೇಖಾ.”

“ಏನಲೇ ಅದು?” ಹಿಂದಿನಿಂದ ಒಂದು ದನಿ ಸಿಡಿಯಿತು. ಅತ್ತೆ! “ತಲಿ ಐತಿ, ಬಾಲ ಇಲ್ಲ! ಹಿಂಗ ಹೇಳು:

ಜೀನ್ಸಿಗೆ ಜಿಪ್ಪು ಬೇಕು, ಜಿಪ್ಪಿಗೆ ದಾರ ಬೇಕು,
ಶಶಿರೇಖಾ ಬಾಯಿ ತೆರ್ಯಾಕ ವರ್ಷಕ್ಕೊಂದು ಹಬ್ಬ ಬೇಕು!”

ಕೋಣೆಯೆಲ್ಲ ಚಪ್ಪಾಳೆ. ಅತ್ತೆ ತನ್ನ ದನಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಇಟ್ಟುಕೊಂಡಳು. ನಿಮ್ಮ ಹೆಸರಿಗೂ ಒಂದು ಹೇಳಿ ಎಂದು ಮೇಡಂ ಎಷ್ಟು ಕೇಳಿದರೂ ‘ಊಂಹ್ಞೂಂ’. ಆದರೆ ನನಗೆ ಒಂದು ಗುಟ್ಟು ತಿಳಿದುಹೋಗಿತ್ತು: ಅತ್ತೆ ಏನನ್ನು ಬೇಕಾದರೂ ಸಹಿಸುತ್ತಾಳೆ, ಕೆಟ್ಟ ಒಡಪನ್ನು ಮಾತ್ರ ಸಹಿಸಳು.

ಒಬ್ಬಳೇ ಬಸ್ಸು ಹತ್ತಿದರೆ ಎಲ್ಲಿ ಇಳಿಯುತ್ತೇನೋ ಗೊತ್ತಿಲ್ಲ ಎಂದು ಅತ್ತು ಕರೆದು ಅವಳನ್ನು ಕುರುಗೋಡಿಗೆ ಹೊರಡಿಸಿದೆ. ಅಕ್ಕ ಹಸಿರು ಸೀರೆ ಉಟ್ಟು ನಡುಮನೆಯಲ್ಲಿ ಕುಳಿತಿದ್ದಳು. ಅತ್ತೆ ಅಕ್ಕಿ ಚೀಲಗಳ ಪಕ್ಕ ಮೂಲೆ ಹಿಡಿದಳು. ಅಕ್ಕನ ಅತ್ತೆ ಸುಂಕಮ್ಮ ಆರತಿ ತಟ್ಟೆ ಹಿಡಿದು ಒಬ್ಬೊಬ್ಬರಿಗೂ “ಹೆಸರು ಹೇಳ್ರೀ” ಎನ್ನುತ್ತ ಬಂದರು. ಹುಲುಗಮ್ಮತ್ತೆಯ ಬಳಿ ಬಂದಾಗ ತಟ್ಟೆ ತಾನಾಗಿಯೇ ಆಚೆ ತಿರುಗಿತು. ಆದರೆ ನಾನು ನೋಡುತ್ತಿದ್ದೆ. ಯಾರು ಒಡಪು ಹೇಳಿದರೂ ಅತ್ತೆಯ ತುಟಿ ಅವರಿಗಿಂತ ಮೊದಲೇ ಅದನ್ನು ಮುಗಿಸುತ್ತಿತ್ತು.

ನಾನು ಎದ್ದು ನಿಂತೆ.

“ಹಸಿರು ಸೀರಿ ಉಟ್ಟಾಳ, ಹಸಿರು ಬಳಿ ಇಟ್ಟಾಳ, ನಂದಿನಿ ನಡುಮನ್ಯಾಗ ಕುಂತಾಳ...”

ಅಷ್ಟಕ್ಕೇ ನಿಲ್ಲಿಸಿದೆ. ಎಲ್ಲರೂ ಕಾದರು.

“ಚಲೋ ಕಾಣ್ತಾಳ. ಮುಗೀತು” ಅಂದೆ.

“ಮುಗೀತಂತ! ಅಲ್ಲೇ ಬಿಟ್ರ ಹೆಂಗಲೇ, ಹಾಳಾದಾಕಿ!” ಅಕ್ಕಿ ಚೀಲಗಳ ಕಡೆಯಿಂದ ಅತ್ತೆ ಎದ್ದು ಬಂದಳು. ಸುಂಕಮ್ಮ ಅಡ್ಡ ಬಂದು, “ಹುಲುಗಮ್ಮಾ, ನೀವು ಹಂಗ...” ಎಂದು ತೊದಲಿದರು.

“ತಟ್ಟಿ ನೆಟ್ಟಗ ಹಿಡೀರಿ ಬೀಗತಿ, ದೀಪ ಆರತೈತಿ” ಅಂದಳು ಅತ್ತೆ. ಅಕ್ಕನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

“ಹಸಿರು ಸೀರಿ ಉಟ್ಟಾಳ, ಹಸಿರು ಬಳಿ ಇಟ್ಟಾಳ, ನಂದಿನಿ ನಡುಮನ್ಯಾಗ ಕುಂತಾಳ,
ಎರ್ರಣ್ಣ ಹೋದ ಮ್ಯಾಲ ಮೂಲಿ ಹಿಡಿದಾಕಿ, ಸಿರುಗುಪ್ಪದ ಹುಲುಗಮ್ಮ ಎದ್ದು ನಿಂತಾಳ!”

ಅಕ್ಕ ಅಳುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು: “ಅತ್ತಿ, ಕೂಸು ಒದಿಯಾಕತ್ತೈತಿ. ಇನ್ನೊಂದು ಹೇಳು!”

ಸುಂಕಮ್ಮ ಒಮ್ಮೆ ನೆರೆದ ಹೆಂಗಸರ ಕಡೆ ನೋಡಿದರು, ಒಮ್ಮೆ ಸೊಸೆಯ ಕಡೆ. ಆಮೇಲೆ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟರು. “ಬೆಳಗ್ರಿ ಮತ್ತ. ನಿಮ್ಮ ಬಾಯಿಗಿ ಅಡ್ಡ ಬಂದು ನಾ ಎಲ್ಲಿ ಉಳೀಲಿ!”

ವಾಪಸ್ ಬರುವಾಗ ಬಸ್ಸು ಹತ್ತಿದ್ದೇ ತಡ ಅತ್ತೆಯಿಂದ ನನ್ನ ಒಡಪಿಗೆ ಬೈಗುಳ. “ಬೇಕಂತಲೇ ಕೆಡಿಸಿದಿಯಲ್ಲ?” ಎಂದು ತೊಡೆ ಚಿವುಟಿದಳು. ನಾನು ಕಿಟಕಿಯ ಕಡೆ ತಿರುಗಿ ‘ಹ್ಞೂಂ’ ಅಂದೆ.

ಕಂಡಕ್ಟರ್ ಬಂದ. ಅಭ್ಯಾಸದಂತೆ ನಾನು ಅತ್ತೆಯ ಹಿಂದೆ ಸರಿದೆ. ಅವಳು ಬೇಕೆಂದೇ ಬಾಯಿ ಮುಚ್ಚಿ ಕುಳಿತಳು. ಕಂಡಕ್ಟರ್ ನನ್ನ ಮುಖವನ್ನೇ ನೋಡುತ್ತಿದ್ದ.

“ಬಳ್ಳಾರಿಗಿ ಎರಡು ಕೊಡ್ರಿ!” ಅಂದೆ. ಮುಂದಿನ ಸೀಟಿನವರು ಹೊರಳಿ ನೋಡುವಷ್ಟು ಜೋರಾಗಿತ್ತು.

“ದನಿ ಚಲೋ ಐತಿ” ಅಂದಳು ಅತ್ತೆ. “ಇದಕ್ಕೂ ಬಾಲ ಇಲ್ಲ.”